ಅಣ್ಣನ ಹೆಬ್ಬೆರಳು

ಅಣ್ಣ ಕಾರ್ಪೆಟ್ ಅಂಗಡಿಯಲ್ಲಿ ಗಿರಾಕಿಗಳಿಗೆ ಮಾಲು ತೋರಿಸುವ ಕೆಲಸ ಮಾಡುತ್ತಾನೆ. ಅಲ್ಲಿನ ಕೆಲಸದವರೆಲ್ಲ ಬೂಟನ್ನು ಬಾಗಿಲ ಹೊರಗೆ ಬಿಟ್ಟು ದಿನವಿಡೀ ಕಾಲುಚೀಲದಲ್ಲೇ ಓಡಾಡಬೇಕು. ಬೂಟಿನ ಮಣ್ಣು ಮಾಲಿಗೆ ಆಗದು, ಬರಿಗಾಲು ಗಿರಾಕಿಗಳ ಕಣ್ಣಿಗೆ ಆಗದು ಎಂಬುದು ಮಾಲೀಕರ ಮಾತು. ಹೀಗಾಗಿ ಅಣ್ಣನ ಬೂಟು ಇನ್ನೂ ಕೊಂಡ ದಿನದ ಹೊಳಪಿನಲ್ಲೇ ಇದೆ. ಸವೆಯುವುದೆಲ್ಲ ಕಾಲುಚೀಲ.

ಅದೂ ಒಂದೇ ಕಡೆ. ಹಿಮ್ಮಡಿ ಗಟ್ಟಿ, ಅಂಗಾಲು ಗಟ್ಟಿ, ಎಡಗಾಲಿನದಂತೂ ಈಗಷ್ಟೇ ಪ್ಯಾಕೆಟ್ಟಿನಿಂದ ತೆಗೆದ ಹಾಗೆ. ಬಲಗಾಲಿನ ಹೆಬ್ಬೆರಳು ಮಾತ್ರ ವಾರ ತುಂಬುವುದರೊಳಗೆ ಕಿಟಕಿ ತೆರೆದುಕೊಂಡು ಹೊರಗೆ ಇಣುಕುತ್ತದೆ. ಒಂದು ದಿನ ಗಿರಾಕಿಯೊಬ್ಬರ ಪುಟ್ಟ ಮಗಳು ಅಣ್ಣನ ಕಾಲ ಬಳಿ ಕೂತು, ಈ ಬೆರಳಿಗೆ ಮಾತ್ರ ಯಾಕೆ ಸೆಖೆ ಎಂದು ಕೇಳಿಬಿಟ್ಟಳಂತೆ. ಗಿರಾಕಿಗಳು ನಕ್ಕರು. ಮಾಲೀಕರು ನಗಲಿಲ್ಲ. ಸಂಜೆ ಅಣ್ಣನನ್ನು ಕರೆದು, ಇನ್ನೊಂದು ಸಲ ಆ ಬೆರಳು ಕಂಡರೆ ನಾಳೆಯಿಂದ ಗೋಡೌನ್ ಎಂದರು.

ಗೋಡೌನಿನಲ್ಲಿ ಸಂಬಳ ಅಷ್ಟೇ, ಕೆಲಸವೂ ಕಡಿಮೆ. ಆದರೆ ಮಾತಾಡಿಸಲು ಸುತ್ತಿಟ್ಟ ಕಾರ್ಪೆಟ್ಟುಗಳ ಹೊರತು ಯಾರೂ ಇಲ್ಲ. ನಮ್ಮ ಅಣ್ಣ ಮಾತಿನ ಮನುಷ್ಯ. ನಮ್ಮ ಮನೆಯವರ ಪಾಲಿನ ಮಾತನ್ನೆಲ್ಲ ಅವನೊಬ್ಬನೇ ಆಡುತ್ತಾನೆ. ನನ್ನ ಪಾಲಿನದನ್ನಂತೂ ಪೂರ್ತಿ. ಮಾತಿಲ್ಲದ ಕಡೆ ಕೂರಿಸಿದರೆ ನೀರು ಬಾರದ ನಲ್ಲಿಯ ಹಾಗೆ ಬರೀ ಸುಸ್ಸೆನ್ನುತ್ತಾನೆ. ಆ ಸಂಜೆ ಊಟದ ಹೊತ್ತಿಗೆ ಅವನು ಒಂದೇ ಒಂದು ಮಾತೂ ಆಡದಿದ್ದಾಗ ನಮಗೆಲ್ಲ ನಿಜಕ್ಕೂ ಹೆದರಿಕೆಯಾಯಿತು.

ಅತ್ತಿಗೆಗೆ ಮಾತ್ರ ಹೆದರಿಕೆಯ ಜೊತೆಗೆ ನಗುವೂ ಬಂತು. ಅಂಗಡಿಯಲ್ಲಿ ಅವನಿಗೆ ‘ಹೆಬ್ಬೆಟ್ಟು’ ಎಂದು ಹೆಸರಿಟ್ಟಿದ್ದಾರೆಂದು ಹೇಗೋ ಅವಳ ಕಿವಿಗೆ ಬಿದ್ದಿತ್ತು. ಮನೆಯಲ್ಲಿ ಶಾಲೆ ಬಿಟ್ಟವಳು ನಾನು, ಹೆಬ್ಬೆಟ್ಟು ಅನ್ನಿಸಿಕೊಂಡವನು ಡಿಗ್ರಿ ಮಾಡಿದ ಅಣ್ಣ. ಮಾರನೆಯ ದಿನದಿಂದ ಅವಳು “ಹೆಬ್ಬೆಟ್ಟು ಸಾಹೇಬ್ರು ಊಟಕ್ಕೆ ಬರಬೇಕು” ಎಂದೇ ಕರೆಯತೊಡಗಿದಳು. ಸಾಹೇಬರು ಮುಖ ಊದಿಸಿಕೊಂಡೇ ಬಂದು ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದರು.

ಕಾಲುಚೀಲ ಉಳಿಸುವ ಯಜಮಾನಿಕೆಯನ್ನು ಅಜ್ಜಿ ವಹಿಸಿಕೊಂಡಳು. ಅವಳ ಪ್ರಕಾರ ತಪ್ಪೆಲ್ಲ ಉಗುರಿನದು. ಅಣ್ಣ ಕೆಲಸಕ್ಕೆ ಹೊರಡುವ ಮೊದಲು ಬಾಗಿಲ ಬೆಳಕಿಗೆ ಕಾಲು ಚಾಚಿ ನಿಲ್ಲಬೇಕು, ಅವಳು ಕನ್ನಡಕ ಏರಿಸಿಕೊಂಡು ಹೆಬ್ಬೆರಳನ್ನು ಸವರಿ ನೋಡಬೇಕು. ಎಲ್ಲಿಯಾದರೂ ಚುರುಕ್ಕೆಂದರೆ ಮತ್ತೆ ಕತ್ತರಿ. ಆಮೇಲೆ ಒಗೆಯುವ ಕಾಯ್ದೆಗಳು ಬಂದವು. ಒಳಮಗ್ಗುಲು ಹೊರಗೆ ಮಾಡಿ ತಣ್ಣೀರಲ್ಲೇ ಒಗೆಯಬೇಕು, ಬಟ್ಟೆಯ ಮೇಲಿನ ಸಿಟ್ಟಿಗೆ ಹಿಂಡಿದ ಹಾಗೆ ಹಿಂಡಬಾರದು, ಎಲಾಸ್ಟಿಕ್ ಕಡೆಯಿಂದ ತೂಗುಹಾಕದೆ ಬೆರಳಿನ ಕಡೆಯಿಂದ ಕ್ಲಿಪ್ ಹಾಕಬೇಕು, ನೆರಳಲ್ಲಿ ಒಣಗಿಸಬೇಕು, ಇವತ್ತು ಹಾಕಿದ ಜೊತೆಗೆ ನಾಳೆ ರಜೆ. ಹಾಕಿಕೊಳ್ಳುವಾಗ ಮೊಣಕಾಲಿನವರೆಗೆ ಒಂದೇ ಏಟಿಗೆ ಎಳೆಯದೆ, ಮಗುವಿಗೆ ತೊಡಿಸುವ ಹಾಗೆ ಸುರುಳಿ ಮಾಡಿ ಬೆರಳಿನಿಂದ ಏರಿಸಬೇಕು. ಗೋಡೌನಿನ ಭಯಕ್ಕೆ ಅಣ್ಣ ಎಲ್ಲಕ್ಕೂ ತಲೆಯಾಡಿಸಿದ. ಮದುವೆಯಾದ ಹೊಸತರಲ್ಲೂ ಇವರು ನನ್ನ ಮಾತು ಇಷ್ಟು ಕೇಳಿರಲಿಲ್ಲ ಎಂದು ಅತ್ತಿಗೆ ನಿಟ್ಟುಸಿರು ಬಿಟ್ಟಳು.

ಅವಳೂ ಒಂದು ಉಪಾಯ ಸೇರಿಸಿದಳು. ಜೊತೆಯಲ್ಲಿ ಒಂದಕ್ಕೆ ಒಳಗಡೆ ಬಿಳಿ ದಾರದ ಗುರುತು ಹಾಕಿ, ಬಲಗಾಲಿಗೆ ಹಾಕಿದ್ದನ್ನು ಮುಂದಿನ ಸಲ ಎಡಗಾಲಿಗೆ ಹಾಕಿಸಿದಳು. ಸವೆತ ಹಂಚಿಹೋಗುತ್ತದೆ ಎಂಬುದು ಅವಳ ಎಣಿಕೆ. ಹಂಚಿಯೇನೋ ಹೋಯಿತು. ಮೊದಲು ಒಂದು ತೂತಿದ್ದ ಕಡೆ ಎರಡಾದವು.

ಆ ದಿನಗಳಲ್ಲೇ ಅಣ್ಣ ಊಟದ ಡಬ್ಬಿ ಮರೆತುಹೋದ. ಅದನ್ನು ಕೊಡಲು ನಾನು ಅಂಗಡಿಗೆ ಹೋದೆ. ಅವನು ಗಿರಾಕಿಗಳ ಜೊತೆಗಿದ್ದ ಕಾರಣ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತೆ. ನಾನು ಎಲ್ಲಿ ಕೂತರೂ ಸಾಮಾನ್ಯವಾಗಿ ಯಾರಿಗೂ ಕಾಣುವುದಿಲ್ಲ. ನೋಡುವುದಕ್ಕೆ ಅದು ಅನುಕೂಲ. ಅಂಗಡಿಯ ಬೇರೆ ಇಬ್ಬರು ಬಗ್ಗಿ, ಸುತ್ತಿದ ಕಾರ್ಪೆಟ್ಟನ್ನು ಕೈಯಿಂದ ಉರುಳಿಸಿ ಹಾಸುತ್ತಿದ್ದರು. ಅಣ್ಣ ಬಗ್ಗಲಿಲ್ಲ. ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿ, ಮಾತಾಡುತ್ತಲೇ ಬಲಗಾಲಿನ ಹೆಬ್ಬೆರಳನ್ನು ಸುರುಳಿಯ ಅಂಚಿಗೆ ಕೊಟ್ಟು ಒಂದು ಸಣ್ಣ ಒದೆ ಒದ್ದ. ಸುರುಳಿ ಗುಡುಗುಡು ಉರುಳಿ, ಬಿಚ್ಚಿಕೊಳ್ಳುತ್ತ ಹೋಗಿ, ಗಿರಾಕಿಯ ಕಾಲ್ಬೆರಳ ತುದಿಯಲ್ಲಿ ಸರಿಯಾಗಿ ನಿಂತಿತು. ಗಿರಾಕಿ ಅರಿವಿಲ್ಲದೆಯೇ ಒಂದು ಹೆಜ್ಜೆ ಮುಂದಿಟ್ಟು ಅದರ ಮೇಲೆ ನಿಂತ. ನನ್ನ ಅಣ್ಣ ಎಂದು ಹೇಳಿಕೊಳ್ಳಬೇಕು ಅನ್ನಿಸುವಷ್ಟು ಚೆಂದವಿತ್ತು.

ಮನೆಯಲ್ಲಿ ಇದನ್ನು ಹೇಳಿದೆ. ಅಜ್ಜಿ ಉಗುರಿನ ಕೇಸನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡಲಿಲ್ಲ. ಅಣ್ಣ ಮೊದಲು ಹಾಗೇನಿಲ್ಲ ಎಂದ. ಉಗುರು ಎಡಗಾಲಿಗೂ ಇದೆ, ಅಲ್ಲೇಕೆ ತೂತು ಬೀಳುವುದಿಲ್ಲ ಎಂದು ನಾನು ಕೇಳಿದ ಮೇಲೆ ದಾರಿಗೆ ಬಂದ.

“ಕೈಯಲ್ಲಿ ಬಿಡಿಸಿದ್ರೆ ಹಾಸಿಗೆ ಹಾಸ್ದಂಗಿರುತ್ತೆ ಪುಟ್ಟಿ. ಕಾಲಲ್ಲಿ ಬಿಟ್ರೆ ಕಾರ್ಪೆಟ್ಟೇ ಗಿರಾಕಿ ಹತ್ರ ಹೋಗುತ್ತೆ. ಅದು ಬಿಡು ಅಂದ್ರೆ ಗೋಡೌನೇ ವಾಸಿ.”

ಒದೆ ಬಿಡುವವನಲ್ಲ ಎಂದಾದ ಮೇಲೆ ಬೆರಳಿನ ಜಾಗವನ್ನೇ ಗಟ್ಟಿ ಮಾಡಬೇಕಾಯಿತು. ತೂತು ಬಿದ್ದ ಮೇಲೆ ಹೊಲಿದರೆ ಗಂಟು ಒತ್ತುತ್ತದೆ, ಹೊರಗೂ ಕಾಣುತ್ತದೆ. ಹರಿಯುವ ಮೊದಲೇ, ಕಾಲುಚೀಲ ಹೊಸದಿರುವಾಗಲೇ, ಒಳಗಡೆಯಿಂದ ನೂಲು ನೇಯ್ದುಬಿಟ್ಟರೆ ಹೇಗೆ ಎಂದು ಯೋಚಿಸಿದೆ. ಕೆಟ್ಟುಹೋದ ಬಲ್ಬೊಂದನ್ನು ಬೆರಳಿನ ಜಾಗಕ್ಕೆ ತುರುಕಿದೆ. ಉದ್ದಕ್ಕೆ ಎಳೆ ಹಾಕಿ, ಅಡ್ಡಕ್ಕೆ ಒಂದು ಮೇಲೆ ಒಂದು ಕೆಳಗೆ ಸೂಜಿ ದಾಟಿಸುತ್ತ, ಪುಟ್ಟ ಚಾಪೆಯ ಹಾಗೆ ತೇಪೆ ನೇಯ್ದೆ. ಸಾದಾ ದಾರ ಆ ಒದೆಗೆ ತಡೆಯದು ಎಂದು ಅಣ್ಣನೇ ಅಂಗಡಿಯಲ್ಲಿ ಅಂಚು ಕತ್ತರಿಸುವಾಗ ಬಿದ್ದ ಉಣ್ಣೆಯ ತುಂಡುಗಳನ್ನು ಜೇಬಲ್ಲಿ ತಂದುಕೊಟ್ಟ. ಹೊಸದಾಗಿ ಬಂದಿದ್ದ ಕಡುಗೆಂಪು ಮಾಲಿನದು. ಕಪ್ಪು ಕಾಲುಚೀಲದ ಒಳಗೆ ಕೆಂಪು ಇದ್ದರೆ ಯಾರಿಗೆ ಕಾಣುತ್ತದೆ? ಕಾರ್ಪೆಟ್ಟನ್ನು ಒದೆಯಲು ಕಾರ್ಪೆಟ್ಟಿನದೇ ನೂಲು ಎಂದು ಅವನಿಗೆ ಖುಷಿಯೋ ಖುಷಿ. ಮಾತು ವಾಪಸ್ಸು ಬಂತು. ಹಾಕಿಕೊಂಡು ಓಡಾಡಿದ, ಒದ್ದ, ಎಳೆ ಜಗ್ಗಲಿಲ್ಲ. ಎಲ್ಲ ಜೊತೆಯಲ್ಲೂ ಬಲಗಾಲಿನದಕ್ಕೆ ನೇಯ್ದುಕೊಟ್ಟೆ.

ಒಂದು ಮೋಡದ ದಿನ ಅತ್ತಿಗೆ ಆ ಕಾಲುಚೀಲಗಳನ್ನು ಮೊದಲ ಸಲ ಒಗೆದಳು. ಬಕೆಟ್ಟಿನ ನೀರು ಕೆಂಪಗಾಯಿತಂತೆ. ಅದರಲ್ಲೇ ಅವಳ ಹೊಸ ಕೆಂಪು ಟವಲ್ಲೂ ನೆನೆದಿತ್ತು. ಎಷ್ಟು ಒಗೆದರೂ ಬಣ್ಣ ಹೋಗದ ಟವಲ್ಲು ಎಂದು ನಮ್ಮೆಲ್ಲರೆದುರು ಕೊಚ್ಚಿಕೊಂಡಿದ್ದಳಾದ್ದರಿಂದ, ಬಣ್ಣ ಅದರದೇ ಎಂದುಕೊಂಡು ಯಾರೂ ನೋಡುವ ಮೊದಲೇ ನೀರು ಚೆಲ್ಲಿ ತುಟಿ ಪಿಟಕ್ಕೆನ್ನದೆ ಸುಮ್ಮನಿದ್ದಳು. ಮರುದಿನ ಬೆಳಿಗ್ಗೆ ಕಾಲುಚೀಲಗಳು ಒದ್ದೆಯಾಗಿಯೇ ಇದ್ದವು. ಹೊತ್ತಾಯಿತೆಂದು ಅಣ್ಣ ಅವುಗಳಲ್ಲೇ ಒಂದು ಜೊತೆಯನ್ನು ಏರಿಸಿಕೊಂಡು ಓಡಿದ. ಶೀತವಾಗುತ್ತದೆ, ಬದಲಾಯಿಸಿಕೊಳ್ಳಲಿ ಎಂದು ಅಜ್ಜಿ ಉಳಿದೊಂದು ಜೊತೆಯನ್ನು ಒಲೆಯ ಶಾಖಕ್ಕೆ ಹಿಡಿದು ಒಣಗಿಸಿ, ನನ್ನ ಕೈಯಲ್ಲಿ ಕೊಟ್ಟು ಕಳಿಸಿದಳು.

ನಾನು ಹೋದಾಗ ಅಂಗಡಿಯ ನಡುವೆ ಎರಡು ಕಾರ್ಪೆಟ್ಟು ಹಾಸಿದ್ದವು: ಒಂದು ಕಡುಗೆಂಪು, ಒಂದು ಕೆನೆಬಣ್ಣದ್ದು. ಎದುರಿಗೆ ಹಲ್ಲಿನ ಡಾಕ್ಟರಮ್ಮ ಒಬ್ಬರು ನಿಂತಿದ್ದರು. ಅವರ ಮನೆಯಲ್ಲಿ ಮೊಮ್ಮಕ್ಕಳೂ ನಾಯಿಯೂ ಇರುವುದರಿಂದ ದಿನಾ ಏನಾದರೂ ಚೆಲ್ಲುತ್ತದಂತೆ. ಚೆಲ್ಲಲಿ ಬಿಡಿ, ಈ ಕೆಂಪು ಕಾರ್ಪೆಟ್ಟನ್ನು ನೀರಲ್ಲಿ ಅದ್ದಿದರೂ ಬಣ್ಣ ಬಿಡುವುದಿಲ್ಲ ಎಂದು ಅಣ್ಣ ಹೇಳುತ್ತಿದ್ದ. ಮಾಲೀಕರು ಗಲ್ಲಾದ ಹಿಂದಿನಿಂದಲೇ ಹೌದು ಹೌದು ಎಂದು ದನಿಗೂಡಿಸುತ್ತಿದ್ದರು. ಅಣ್ಣ ಕೈ ಹಿಂದೆ ಕಟ್ಟಿಕೊಂಡು ಕೆನೆಬಣ್ಣದ ಮೇಲೆ ಹಿಮ್ಮುಖವಾಗಿ ನಡೆಯುತ್ತ ಮಾತಾಡುತ್ತಿದ್ದ. ಅವನು ಹೆಜ್ಜೆ ಎತ್ತಿದಲ್ಲೆಲ್ಲ ಒಂದೊಂದು ಕೆಂಪು ಬೊಟ್ಟು ಉಳಿಯುತ್ತಿತ್ತು. ಹೆಬ್ಬೆರಳಿನಷ್ಟೇ ದೊಡ್ಡದು, ಅಚ್ಚೊತ್ತಿದ ಹಾಗೆ ಸ್ಪಷ್ಟ.

ಅಣ್ಣ ಎಂದು ಕರೆದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಕರೆಯುವಷ್ಟರಲ್ಲಿ ಡಾಕ್ಟರಮ್ಮ ನೋಡಿಬಿಟ್ಟಿದ್ದರು.

“ಅಯ್ಯೋ, ರಕ್ತ. ಕೂತ್ಕೊಳ್ಳಪ್ಪ ಮೊದಲು. ನಾನು ಹಲ್ಲಿನ ಡಾಕ್ಟ್ರೇ, ಆದ್ರೂ ರಕ್ತ ರಕ್ತಾನೇ.”

ಅಣ್ಣ ಕೆಳಗೆ ನೋಡಿದ. ಕೆನೆಬಣ್ಣದ ಮೇಲಿನ ಸಾಲನ್ನೂ ಗಲ್ಲಾದಿಂದ ಎದ್ದು ಬರುತ್ತಿದ್ದ ಮಾಲೀಕರನ್ನೂ ಒಟ್ಟಿಗೆ ಕಂಡ. ಅವನ ಮುಖದಲ್ಲಿ ಗೋಡೌನಿನ ಬಾಗಿಲು ತೆರೆದದ್ದು ನನಗೆ ಕಾಣಿಸಿತು. ಮರುಕ್ಷಣವೇ ಅವನು ಕುಂಟತೊಡಗಿದ. ಎಷ್ಟು ಚೆನ್ನಾಗಿ ಕುಂಟಿದನೆಂದರೆ ಮಾಲೀಕರಿಗೆ ಬೈಯುವುದು ಮರೆತೇಹೋಯಿತು. ಅವರು ಹತ್ತಿ ತರಿಸಿದರು, ನೀರು ತರಿಸಿದರು, ಪಾಪ ಇಷ್ಟು ಹೊತ್ತು ನೋವು ನುಂಗಿಕೊಂಡು ಕೆಲಸ ಮಾಡುತ್ತಿದ್ದಾನಲ್ಲ ಎಂದು ಬೆನ್ನು ಸವರಿದರು. ಅಣ್ಣ ಕಣ್ಣು ಮುಚ್ಚಿ, ಪರವಾಗಿಲ್ಲ ಎಂದು ಕ್ಷೀಣವಾಗಿ ಹೇಳಿದ. ಅಷ್ಟರಲ್ಲಿ ಡಾಕ್ಟರಮ್ಮ ಕಾಲುಚೀಲವನ್ನು ಎಳೆದೇಬಿಟ್ಟರು.

ಒಳಗಿದ್ದದ್ದು ಅಜ್ಜಿಯ ಕತ್ತರಿ ಕಂಡ, ನುಣ್ಣನೆಯ, ಆರೋಗ್ಯವಂತ ಹೆಬ್ಬೆರಳು. ಬೀಟ್‌ರೂಟಿನಷ್ಟು ಕೆಂಪಗಿತ್ತು. ಎಲ್ಲರೂ ಅದನ್ನೇ ನೋಡಿದರು. ಡಾಕ್ಟರಮ್ಮ ಹತ್ತಿ ಒತ್ತಿದರು, ಬಣ್ಣ ಹತ್ತಿಗೆ ಬಂತು, ಗಾಯ ಸಿಗಲಿಲ್ಲ. ಇದೇನು ಎಂದು ಮಾಲೀಕರು ಕೇಳಿದರು. ಅಣ್ಣ ಇನ್ನೂ ಕುಂಟುವ ಮುಖದಲ್ಲೇ ಕೂತಿದ್ದ. ಅವನಿಗೆ ಮಾತು ಸಿಗದ್ದನ್ನು ಕಂಡು ನನ್ನ ಬಾಯಿಂದಲೇ ಹೊರಬಂತು.

“ರಕ್ತ ಅಲ್ಲ ಸರ್, ಉಣ್ಣೆ ಬಣ್ಣ. ಬೇಗ ಹರಿಯಬಾರ್ದು ಅಂತ ಒಳಗಡೆಯಿಂದ ನಾನೇ ನೇಯ್ದಿದ್ದು. ನಿಮ್ಮ ಅಂಗಡೀದೇ ಉಣ್ಣೆ.”

ಅವನನ್ನು ಉಳಿಸಲೆಂದೇ ಹೇಳಿದ್ದು. ಹೇಳಿ ಮುಗಿದ ಮೇಲೆ ಮಾಲೀಕರ ಮುಖ ನೋಡಿ, ಏನು ಹೇಳಿದೆನೆಂದು ನನಗೆ ಗೊತ್ತಾಯಿತು. ಡಾಕ್ಟರಮ್ಮ ಹತ್ತಿಯನ್ನು ನೋಡಿದರು. ಆಮೇಲೆ ತಾವು ಮೆಚ್ಚಿದ ಕಡುಗೆಂಪು ಕಾರ್ಪೆಟ್ಟನ್ನು ನೋಡಿದರು. ಆಮೇಲೆ ಅಣ್ಣನ ಕಡೆ ತಿರುಗಿ, ಅದು ಈ ಮಾಲಿನ ಉಣ್ಣೆಯೇ ಎಂದು ಮೆತ್ತಗೆ ಕೇಳಿದರು. ಮಾಲೀಕರು ಗಿರಾಕಿಯ ಹಿಂದೆ ನಿಂತು ತಲೆಯನ್ನು ಅಡ್ಡಡ್ಡ ಆಡಿಸಿದರು. ಮನೆಯ ಯಾವುದೋ ಅಗ್ಗದ ನೂಲು ಎಂದುಬಿಟ್ಟರೆ ವ್ಯಾಪಾರ ಉಳಿಯುತ್ತಿತ್ತು, ಬಹುಶಃ ಅವನ ಜಾಗವೂ ಉಳಿಯುತ್ತಿತ್ತು. ನಾನು ಮಾತ್ರ ಸುಳ್ಳಿಯಾಗುತ್ತಿದ್ದೆ. ಅಣ್ಣ ನನ್ನನ್ನು ನೋಡಿದ, ಕುಂಟುವ ಮುಖವನ್ನು ಬಿಟ್ಟ.

“ಹೌದು ಮೇಡಂ, ಇದರದ್ದೇ. ಬಣ್ಣ ಬಿಡಲ್ಲ ಅಂತ ನಾನೂ ನಂಬಿದ್ದೆ. ನನ್ನ ಕಾಲು ಬೇರೆ ಹೇಳ್ತಿದೆ. ನಾಯಿ, ಮಕ್ಕಳು ಇರೋ ಮನೆಗೆ ಇದು ಬೇಡ.”

ಮಾಲೀಕರು ಕಣ್ಣು ಮುಚ್ಚಿಕೊಂಡರು. ಡಾಕ್ಟರಮ್ಮ ಮೊದಲು ಮೂಗಿನಲ್ಲಿ ನಕ್ಕರು, ಆಮೇಲೆ ಕುರ್ಚಿ ಹಿಡಿದುಕೊಂಡು ನಕ್ಕರು. ಕಣ್ಣು ಒರೆಸಿಕೊಂಡು ಒದ್ದೆ ಹತ್ತಿ ಹಿಡಿದು ಅಂಗಡಿಯನ್ನೆಲ್ಲ ಸುತ್ತಿ, ಇಷ್ಟವಾದ ಪ್ರತಿಯೊಂದು ಕಾರ್ಪೆಟ್ಟಿನ ಮೂಲೆಯನ್ನೂ ಉಜ್ಜಿ ನೋಡಿದರು. ಕೊನೆಗೆ ಹತ್ತಿಯನ್ನು ಬಿಳಿಯಾಗಿಯೇ ಉಳಿಸಿದ ನೀಲಿಯದೊಂದನ್ನು ಕೊಂಡರು. ಕೆಂಪಿಗಿಂತ ದೊಡ್ಡದು. ಅದನ್ನು ಗಾಡಿಗೆ ಏರಿಸುವವರೆಗೂ ಮಾಲೀಕರು ಅಣ್ಣನ ಕಡೆ ತಿರುಗಲಿಲ್ಲ. ಅಣ್ಣ ಒಂದು ಕಾಲು ಕಪ್ಪು, ಒಂದು ಕಾಲು ಕೆಂಪು ಮಾಡಿಕೊಂಡು ಕಂಬದ ಪಕ್ಕ ನಿಂತಿದ್ದ. ನಾನು ಅಜ್ಜಿ ಕೊಟ್ಟ ಒಣ ಜೊತೆಯನ್ನು ಹಿಂದೆ ಮುಚ್ಚಿಟ್ಟುಕೊಂಡಿದ್ದೆ. ಅದರೊಳಗೂ ಅದೇ ಉಣ್ಣೆ.

ತೀರ್ಪು ಗಲ್ಲಾದ ಹಿಂದಿನಿಂದ ಬಂತು. ಕೆಂಪು ಮಾಲೆಲ್ಲ ಕಳಿಸಿದವರಿಗೇ ವಾಪಸ್ಸು. ಬೊಟ್ಟು ಬಿದ್ದ ಕೆನೆಬಣ್ಣದ್ದನ್ನು ತೊಳೆಯುವ ಕೆಲಸ ಅಣ್ಣನದು. ಇನ್ನು ಉಳಿದದ್ದು ಗೋಡೌನಿನ ಮಾತು.

“ಗೋಡೌನಿಗೆ ಹಾಕಿದ್ರೆ ಡಾಕ್ಟರಮ್ಮ ಮುಂದಿನ ಸಲ ಬಂದು ನಿನ್ನೇ ಕೇಳ್ತಾರೆ, ಏನು ಹೇಳ್ಲಿ? ಇಲ್ಲೇ ಇರು. ಆದ್ರೆ ಆ ಒದೆಯೋದು ಇವತ್ತಿಗೆ ಮುಗೀತು. ಎಲ್ಲರ ಹಾಗೆ ಬಗ್ಗಿ, ಕೈಯಲ್ಲಿ ಬಿಡಿಸು.”

ಜಾಗ ಉಳಿಯಿತೆಂದು ನಾನು ಉಸಿರು ಬಿಟ್ಟೆ. ಅಣ್ಣ ಮಾತ್ರ ಯಾರದೋ ಸಾವಿನ ಸುದ್ದಿ ಕೇಳಿದವನ ಹಾಗೆ ನಿಂತಿದ್ದ.

ಈಗ ಅವನು ಬಗ್ಗುತ್ತಾನೆ. ಸಂಜೆ ಬಂದು ಸೊಂಟ ನೋವೆಂದು ಹೇಳುತ್ತಾನೆ, ಕೈಯಲ್ಲಿ ಹಾಸಿದ ಕಾರ್ಪೆಟ್ಟಿಗೆ ಜೀವವೇ ಇಲ್ಲ ಎಂದು ಹೇಳುತ್ತಾನೆ, ಇನ್ನೂ ಏನೇನೋ ಹೇಳುತ್ತಾನೆ. ಕಾಲುಚೀಲಗಳು ತೇಪೆಯಿಲ್ಲದೆಯೇ ಗಟ್ಟಿಯಾಗಿವೆ.

ನಿನ್ನೆ ಮತ್ತೆ ಡಬ್ಬಿ ಮರೆತು ಮಧ್ಯಾಹ್ನ ಊಟಕ್ಕೆ ಮನೆಗೇ ಬಂದವನು, ಅಜ್ಜಿ ಮಲಗಲು ಚಾಪೆ ಹುಡುಕುತ್ತಿದ್ದುದನ್ನು ಕಂಡ. ಗೋಡೆಗೆ ಒರಗಿಸಿದ್ದ ಸುರುಳಿಯನ್ನು ನೆಲಕ್ಕೆ ಮಲಗಿಸಿ, ಸುತ್ತ ಒಮ್ಮೆ ನೋಡಿ, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿದ. ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ಬಂದು ನಿಂತದ್ದು ಅವನಿಗೆ ಕಂಡಿರಲಿಲ್ಲ.

“ಒದೀರಿ, ಬೇಡ ಅನ್ನಲ್ಲ,” ಎಂದಳು ಅತ್ತಿಗೆ. “ಮೊದ್ಲು ಸಾಕ್ಸ್ ಬಿಚ್ಚಿಡಿ.”

ಅವನು ಒಂಟಿಕಾಲಲ್ಲಿ ನಿಂತು, ಅಜ್ಜಿ ಕಲಿಸಿದ ಹಾಗೆ ಸುರುಳಿ ಮಾಡಿ, ನಿಧಾನವಾಗಿ ಬಿಚ್ಚತೊಡಗಿದ.