ಮೂಲೆ ಟೇಬಲ್ಲಿನ ಕುರ್ಚಿ

ಗಂಡನ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟಿದ್ದ ದಾರದ ಗಂಟು ಬಿಚ್ಚಲು ಬಾರದೆ ಜಟ್ಟೆಮ್ಮ ಬಗ್ಗಿ ಅದನ್ನು ಹಲ್ಲಿನಿಂದ ಕಡಿಯತೊಡಗಿದಳು. ಕೊಪ್ಪಳದ ಕಡೆಯಿಂದ ರಾತ್ರಿ ರೈಲಿನಲ್ಲಿ ಹೊರಟು, ದಂಡಿನ ಸ್ಟೇಷನ್ನಿನಲ್ಲಿ ಇಳಿದು, ಬೈಯಪ್ಪನಹಳ್ಳಿಯ ಈ ಓಣಿಗೆ ಆಟೋದಲ್ಲಿ ಬಂದವಳು ಹೆಗಲಿನ ಚೀಲವನ್ನೂ ಇನ್ನೂ ಕೆಳಗಿಟ್ಟಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ, ಗಂಡನ ಕೋಣೆಯ ಜೊತೆಗಾರ ದತ್ತುವಿಗೆ ಏನು ತಪ್ಪಾಯಿತೆಂದು ತಿಳಿಯಲಿಲ್ಲ. ಗಂಟು ಹಾಕಿದವನು ಅವನೇ.

“ಮಲಗಿಸಿಬಿಟ್ಟಿಯಲ್ಲೋ ತಮ್ಮಾ,” ಎಂದಳು. ದಾರದ ಎಳೆಯೊಂದು ತುಟಿಗೆ ಅಂಟಿತ್ತು. “ನಮ್ಮ ಮಂದ್ಯಾಗ ಕುಂಡ್ರಿಸಿ ಕಳಸ್ತಾರ.”

ದತ್ತು ಬೀದರ ಕಡೆಯವನು. ಅವನ ಮನೆಯಲ್ಲಿ ಸತ್ತವರನ್ನು ಮಲಗಿಸುತ್ತಾರೆ, ಸುಡುತ್ತಾರೆ. ಎಲ್ಲರೂ ಹಾಗೇ ಮಾಡುತ್ತಾರೆಂದು ಅವನು ತಿಳಿದಿದ್ದ. ನಿನ್ನೆ ಇಬ್ಬರಿಗೂ ವಾರದ ರಜೆ. ಮಧ್ಯಾಹ್ನ ಹುಲಿಗೆಪ್ಪ ಎದೆ ಹಿಡಿದಂತಾಗುತ್ತಿದೆ ಎಂದು ಗೋಡೆಗೆ ಮುಖ ಮಾಡಿ ಮಲಗಿದ. ದತ್ತು ಚಹಾ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೂಲೆಯ ಕ್ಲಿನಿಕ್ಕಿನ ಡಾಕ್ಟರು ಬಂದು ನೋಡಿ ಚೀಟಿ ಬರೆದುಕೊಟ್ಟರು. ಫೋನಿನಲ್ಲಿ ಜಟ್ಟೆಮ್ಮ ಬರೀ ಅತ್ತಳು. ಅವಳು ಹೇಳಲಿಲ್ಲ, ಇವನು ಕೇಳಲಿಲ್ಲ. ಮೈ ಬಿಸಿಯಿರುವಾಗಲೇ ಮಂಡಿ ಮಡಚಿ ಕೂರಿಸಬೇಕಿತ್ತಂತೆ. ಈಗ ಹುಲಿಗೆಪ್ಪ ಮರದ ಹಲಗೆಯ ಹಾಗೆ ಸೆಟೆದಿದ್ದ.

ಊರಿಗೆ ಒಯ್ಯುವ ಮಾತು ಬರಲಿಲ್ಲ. ಅಲ್ಲಿ ಅವರದೆಂಬ ಮನೆ ಉಳಿದಿರಲಿಲ್ಲ. ಜಟ್ಟೆಮ್ಮ ಇದ್ದದ್ದು ತಮ್ಮನ ಮನೆಯಲ್ಲಿ. ಮನೆಯೊಡತಿ ಆಂಜನಮ್ಮನ ಗಂಡ ತಮ್ಮ ಹಳ್ಳಿಯವರ ಹಳೇ ಸ್ಮಶಾನದಲ್ಲಿ ಗುಂಡಿ ತೋಡಿಸಲು ಆಗಲೇ ಹೋಗಿದ್ದರು. ಅವರದು ಒಂದೇ ಮಾತು, ಮಧ್ಯಾಹ್ನದೊಳಗೆ ಮುಗಿಯಬೇಕು.

ಆಂಜನಮ್ಮ ಒಳಗೆ ಬಂದು ಜಟ್ಟೆಮ್ಮನ ಪಕ್ಕ ಕೂತರು. “ಹೋಗೋ ಜೀವ ಹೋಯ್ತು ಕಣಮ್ಮ. ಇನ್ನು ಹೆಂಗೆ ಕಳ್ಸಿದ್ರೇನು? ಮಲಗ್ಸೇ ಎತ್ಬಿಡಾನ.”

ಜಟ್ಟೆಮ್ಮ ತಲೆಯಾಡಿಸಿದಳು. “ಯಾವಾಗ ಫೋನ್ ಹಚ್ಚಿದ್ರೂ, ‘ನಿಂತೀನಿ, ಆಮ್ಯಾಲ ಮಾಡ್ತೀನಿ’ ಅಂತಿದ್ರು. ಕುಂತು ಮಾತಾಡಿದ್ದೇ ಇಲ್ಲ. ಇವತ್ತರ ಕುಂಡ್ರಲಿ.”

ಆಂಜನಮ್ಮ ನೀರು ಕಾಯಿಸಲು ಎದ್ದರು. ಅವರ ಮನೆಯಿಂದ ಬಂದ ಪ್ಲಾಸ್ಟಿಕ್ ಕುರ್ಚಿಗೆ ಕೈಗಳಿರಲಿಲ್ಲ. ಹೆಣ ಜಾರಿ ಬೀಳುತ್ತದೆ, ಎರಡೂ ಕಡೆ ಕೈಯಿರುವ, ಬೆನ್ನು ಎತ್ತರದ ಕುರ್ಚಿ ಬೇಕು ಎಂದಳು ಜಟ್ಟೆಮ್ಮ. ಅಂಥ ಕುರ್ಚಿ ಎಲ್ಲಿದೆಯೆಂದು ದತ್ತುವಿಗೆ ಗೊತ್ತಿತ್ತು.

*

ಹುಲಿಗೆಪ್ಪ, ದತ್ತು ಕೆಲಸ ಮಾಡುತ್ತಿದ್ದ ಇಂದಿರಾನಗರದ ರೆಸ್ಟೋರೆಂಟಿನಲ್ಲಿ ಬಡಿಸುವವರು ಕೂರುವಂತಿರಲಿಲ್ಲ. ಮಧ್ಯಾಹ್ನದ ಊಟ ಮುಗಿದು ಹಾಲ್ ಖಾಲಿ ಹೊಡೆಯುವಾಗಲೂ ಇಲ್ಲ. ಕುರ್ಚಿಗಳೆಲ್ಲ ಗಿರಾಕಿಗಳವು. ಹುಲಿಗೆಪ್ಪ ಕಂಬದ ಪಕ್ಕ ನಿಂತು, ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಯಾರಿಗೂ ಗೊತ್ತಾಗದಂತೆ ದಾಟಿಸುತ್ತಿದ್ದ.

ದತ್ತು ಕೆಲಸಕ್ಕೆ ಸೇರಿದ ಹೊಸತರಲ್ಲಿ ಗಿರಾಕಿಗಳ ಕೈಯನ್ನೇ ನೋಡುತ್ತಿದ್ದ. ಬಿಲ್ಲಿನ ಫೋಲ್ಡರು ಮತ್ತು ಸೋಂಪಿನ ಬಟ್ಟಲು ಇಟ್ಟ ಮೇಲೆ ಆ ಕೈ ಎಲ್ಲಿಗೆ ಹೋಗುತ್ತದೆ, ಪರ್ಸಿಗೋ ಮೊಬೈಲಿಗೋ? ಮೊಬೈಲಿಗೆ ಹೋದರೆ ಟಿಪ್ಸ್ ಇಲ್ಲ. ‘ಸರ್ವಿಸ್ ಚಾರ್ಜ್ ಹಾಕಿದ್ದೀರಲ್ಲ, ಅದು ನಿಮಗೇ ಅಲ್ವಾ’ ಎಂದು ಕೆಲವರು ನಗುತ್ತ ಕೇಳುತ್ತಿದ್ದರು. ಹೌದು ಎಂದು ಇವರೂ ನಗಬೇಕಿತ್ತು. ಅದು ಎಲ್ಲಿಗೆ ಹೋಗುತ್ತಿತ್ತೆಂದು ಇವರಿಗೆ ಗೊತ್ತಿರಲಿಲ್ಲ.

ಒಂದು ದಿನ ಹುಲಿಗೆಪ್ಪ ಅವನನ್ನು ಅಡುಗೆಮನೆಯ ಬಾಗಿಲಿಗೆ ಕರೆದ. “ಕೈ ನೋಡಬ್ಯಾಡ. ನೋಡಿದ್ರ ನಾಚಿಕಿಗೆ ಕೊಡ್ತಾರ. ಫೋಲ್ಡರ್ ಇಟ್ಟು ಮಾರಿ ತಿರುಗಿಸಿ ನಿಂದ್ರು. ಕೊಟ್ರ ಅವರ ಮನಸಿಂದ ಕೊಡ್ಲಿ.”

ಹುಲಿಗೆಪ್ಪ ತಾನೂ ಹಾಗೇ ನಿಲ್ಲುತ್ತಿದ್ದ. ಫೋಲ್ಡರು ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು, ಗೋಡೆಯಲ್ಲಿ ಏನೋ ಓದುವುದಿದೆಯೆಂಬಂತೆ ಅತ್ತ ನೋಡುತ್ತ. ಹುಡುಗರು ಅಣಕಿಸುತ್ತಿದ್ದರು, ಅಣ್ಣ ಗೋಡೆಗೇ ಬಿಲ್ ಕೊಡ್ತಾನೆ ಅಂತ. ಮೂಲೆ ಟೇಬಲ್ಲಿಗೆ ಬರುವ ಹಳೇ ಗಿರಾಕಿಗಳು ಮಾತ್ರ ಅವನನ್ನೇ ಕೇಳಿ ಕರೆಸಿಕೊಳ್ಳುತ್ತಿದ್ದರು.

ಆ ಮೂಲೆ ಟೇಬಲ್ಲಿನಲ್ಲೇ ಅವನು ಒಮ್ಮೆ ಕೂತುಬಿಟ್ಟ. ಬೇಸಿಗೆಯ ಮಧ್ಯಾಹ್ನ, ತಲೆ ಸುತ್ತು ಬಂದು ಹತ್ತಿರದ ಕುರ್ಚಿಯ ಕೈಗಳನ್ನು ಹಿಡಿದು ಕುಸಿದ. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು. ಆಚೆ ಟೇಬಲ್ಲಿನ ಯಾರೋ ಫೋಟೋ ತೆಗೆದು, ಇಲ್ಲಿ ಕೆಲಸದವರೇ ಆರಾಮಾಗಿ ಕೂರುತ್ತಾರೆ ಎಂದು ಬರೆದು ಒಂದೇ ಸ್ಟಾರ್ ಕೊಟ್ಟರು. ಮೇಲಿನವರು ಮ್ಯಾನೇಜರ್ ಶ್ರೀನಾಥನನ್ನು ಬೈದರು. ಶ್ರೀನಾಥ ಹುಲಿಗೆಪ್ಪನನ್ನು ಬೈಯಲಿಲ್ಲ, ಪಾರ್ಸಲ್ ಕೌಂಟರಿಗೆ ಹಾಕಿದ. ಅಲ್ಲಿಗೆ ಬರುವವರು ಹೆಲ್ಮೆಟ್ ತೆಗೆಯದೆ ಆರ್ಡರ್ ನಂಬರು ಹೇಳಿ, ಕವರು ಎತ್ತಿಕೊಂಡು ಓಡುವ ಡೆಲಿವರಿ ಹುಡುಗರು. ಅಲ್ಲಿ ಮುಖ ತಿರುಗಿಸಿ ನಿಲ್ಲುವ ಕೆಲಸವೇ ಇರಲಿಲ್ಲ. ಹುಲಿಗೆಪ್ಪ ಕೊನೆಯವರೆಗೂ ಅಲ್ಲೇ ನಿಂತ.

*

ಕುರ್ಚಿ ಯಾತಕ್ಕೆಂದು ಕೇಳಿ ತಿಳಿದ ಶ್ರೀನಾಥ ಮೂಲೆಯತ್ತ ನೋಡಿದ. ಹಾಲ್ ಒರೆಸಿ ಆಗಿತ್ತು, ನೆಲ ಇನ್ನೂ ಒದ್ದೆಯಿತ್ತು.

“ನಾಳೆ ಅದ್ರಲ್ಲಿ ಗಿರಾಕಿ ಕೂರ್ಬೇಕಲ್ಲ ಗುರು,” ಎಂದ.

ಹೊರಗೆ ಆಟೋದವನು ಎರಡು ಸಲ ಹಾರ್ನ್ ಹೊಡೆದ. ಶ್ರೀನಾಥ ಮೂಲೆಗೆ ಹೋಗಿ ತಾನೇ ಕುರ್ಚಿ ಎತ್ತಿ ತಂದು ಆಟೋದಲ್ಲಿ ಇಟ್ಟ. ಅದರ ಕಾಲು ಹೊರಗೆ ಚಾಚಿತ್ತು.

“ವಾಪಸ್ ತರ್ಬೇಡ,” ಎಂದ.

ದತ್ತು ಬರುವಷ್ಟರಲ್ಲಿ ಹೆಂಗಸರಿಬ್ಬರೂ ಬಿಸಿನೀರಿನ ಬಟ್ಟೆ ಹಾಕಿ ಹುಲಿಗೆಪ್ಪನ ಮಂಡಿಗಳನ್ನು ನೀವುತ್ತಿದ್ದರು. ಪಂಚೆ ಮೇಲೆ ಸರಿದು ಮೀನಖಂಡಗಳು ಕಾಣುತ್ತಿದ್ದವು. ಅಲ್ಲಿ ನರಗಳು ಹಗ್ಗದ ಹಾಗೆ ಹೊಸೆದು, ನೀಲಿಗಟ್ಟಿ, ಗಂಟುಗಂಟಾಗಿದ್ದವು. ಜಟ್ಟೆಮ್ಮ ಒಂದು ಗಂಟಿನ ಮೇಲೆ ಬೆರಳಿಟ್ಟು ದತ್ತುವಿನ ಮುಖ ನೋಡಿದಳು.

“ಇದು ಯಾವಾಗಿಂದ?”

“ನಾ ಬಂದಾಗ್ಲೇ ಇತ್ತು ವೈನಿ.”

“ನನಗ ಹೇಳೇ ಇಲ್ಲ,” ಎಂದಳು. ಊರಿಗೆ ಬಂದಾಗಲೆಲ್ಲ ಅವನು ಪ್ಯಾಂಟಿನಲ್ಲೇ ಮಲಗುತ್ತಿದ್ದನೆಂದು ಆಮೇಲೆ ಮೆಲ್ಲಗೆ ಆಂಜನಮ್ಮನಿಗೆ ಹೇಳಿದಳು. ಪಟ್ಟಣದ ರೂಢಿ ಇರಬೇಕೆಂದು ಅವಳು ಅಂದುಕೊಂಡಿದ್ದಳಂತೆ.

ಬಹಳ ಹೊತ್ತು ಹಿಡಿಯಿತು. ನೀರು ಆರಿತು, ಮತ್ತೆ ಕಾಯಿಸಿದರು. ಕೊನೆಗೆ ಬಲಮಂಡಿ ಬಾಗಿತು, ಆಮೇಲೆ ಎಡದ್ದು. ದತ್ತು ಕಂಕುಳಿಗೆ ಕೈಹಾಕಿ ಎತ್ತಿದ, ಹೆಂಗಸರು ಕಾಲು ಹಿಡಿದರು. ಹುಲಿಗೆಪ್ಪ ಕುರ್ಚಿಯಲ್ಲಿ ಕೂತ. ಎದೆಗೆ ಒಂದು ಶಲ್ಯ ಸುತ್ತಿ ಕುರ್ಚಿಯ ಬೆನ್ನಿಗೆ ಬಿಗಿದು ಕಟ್ಟಿದರು. ಕತ್ತು ಮಾತ್ರ ನೇರಕ್ಕೆ ಬರಲಿಲ್ಲ. ಗೋಡೆಗೆ ಮುಖ ಮಾಡಿ ಪ್ರಾಣ ಬಿಟ್ಟವನ ಕತ್ತು ಎಡಕ್ಕೇ ಸೆಟೆದಿತ್ತು. ಜಟ್ಟೆಮ್ಮ ಎರಡೂ ಕೆನ್ನೆ ಹಿಡಿದು ತಿರುಗಿಸಲು ನೋಡಿದಳು. ನೋವಾದೀತು ಎಂಬಂತೆ ಕೈಬಿಟ್ಟಳು. “ಇರಲಿ,” ಎಂದು ಹಣೆಗೆ ವಿಭೂತಿ ಬಳಿದಳು.

ಕುರ್ಚಿಯನ್ನು ಎತ್ತಿ ಓಣಿಯಲ್ಲಿ, ಗೋಡೆ ಅವನ ಎಡಕ್ಕೆ ಬರುವಂತೆ ಇಟ್ಟರು. ಬಾಡಿಗೆ ಕೋಣೆಗಳ ಜನ ಆಫೀಸಿಗೆ ಹೊರಟವರು ಬ್ಯಾಗು ಎದೆಗೆ ಹಿಡಿದು ಪಕ್ಕದಿಂದ ಸರಿದುಹೋದರು. ಹತ್ತು ಹೊಡೆದ ಮೇಲೆ ರೆಸ್ಟೋರೆಂಟಿನ ಹುಡುಗರು ಬಂದರು. ನೇರ ಕೆಲಸಕ್ಕೆ ಹೋಗಬೇಕಿದ್ದುದರಿಂದ ಎಲ್ಲ ಯೂನಿಫಾರಮ್ಮಿನಲ್ಲಿದ್ದರು. ಯಾರೂ ಹೇಳದೆಯೇ ಗೋಡೆಯುದ್ದಕ್ಕೆ ಸಾಲಾಗಿ, ಕೈ ಮುಂದೆ ಕಟ್ಟಿ ನಿಂತರು, ಟೇಬಲ್ಲಿನ ಪಕ್ಕ ನಿಲ್ಲುವ ಹಾಗೆಯೇ.

ಶ್ರೀನಾಥ ಕಡೆಗೆ ಬಂದ. ಹೂವಿನ ಹಾರ ಹಾಕಿದ. ಆಮೇಲೆ ಏನು ಮಾಡಬೇಕೆಂದು ತೋಚದೆ ಅಲ್ಲೇ ಇದ್ದ. ಜಟ್ಟೆಮ್ಮನ ಕೈಗೆ ಕೊಡಲು ಧೈರ್ಯ ಬರಲಿಲ್ಲವೋ ಏನೋ, ಜೇಬಿನಿಂದ ನೋಟೊಂದನ್ನು ತೆಗೆದು ಸಣ್ಣಗೆ ಮಡಚಿ, ಬಗ್ಗಿ, ಕುರ್ಚಿಯ ಕೈಮೇಲಿದ್ದ ಹುಲಿಗೆಪ್ಪನ ಅಂಗೈಯ ಕೆಳಗೆ ತೂರಿಸಿದ.

ದತ್ತು ಓಣಿಯ ನೀರಿನ ಡ್ರಮ್ಮಿನ ಕಡೆ ಮುಖ ತಿರುಗಿಸಿ ನಿಂತ. ಅವನ ಪಕ್ಕದವನೂ ತಿರುಗಿದ, ಅವನಾಚೆಯವನೂ.

ಬಗ್ಗಿದ್ದ ಶ್ರೀನಾಥ ತಲೆಯೆತ್ತಿ ನೋಡಿದ. ಹುಲಿಗೆಪ್ಪನ ಮುಖ ಗೋಡೆಯ ಕಡೆಗಿತ್ತು.