ಕುಂಕುಮ ಇಟ್ಟ ಹೆಬ್ಬೇವು

ಅವತ್ತಿನಷ್ಟು ನಾನು ಯಾವತ್ತೂ ದಣಿದಿರಲಿಲ್ಲ. ಬೆಳಿಗ್ಗೆಯಿಂದ ಮರಗಳ ಮೈ ತೊಳೆಯುವುದೇ ಕೆಲಸ.

ಮಳವಳ್ಳಿ ಕಡೆಯ ನಮ್ಮೂರ ಬೋಳುಗುಡ್ಡದ ಮೇಲೆ ಒಂಬತ್ತು ವರ್ಷದ ಹಿಂದೆ ಊರವರೇ ಸೇರಿ ಹೆಬ್ಬೇವು ನೆಟ್ಟಿದ್ದೆವು. ನೀರು ಹೊರಲು ಮಾತ್ರ ಯಾರೂ ಬರುತ್ತಿರಲಿಲ್ಲ. ಅರಣ್ಯ ಸಮಿತಿಗೆ ನಾನು ಅಧ್ಯಕ್ಷೆ, ಮೇಲೆ ಮಹಾ ಬುದ್ಧಿವಂತೆ. ಒಂದೊಂದು ಸಸಿಗೂ ನಿಮ್ಮ ಮನೆಯಲ್ಲಿ ತೀರಿಹೋದವರ ಹೆಸರಿಡಿ ಎಂದೆ. ಮಾರನೆಯ ದಿನದಿಂದಲೇ ಮನೆಮನೆಯಿಂದ ಕೊಡ ಹೊತ್ತು ಗುಡ್ಡ ಹತ್ತಿದರು.

ಮರಗಳು ಒತ್ತೊತ್ತಾಗಿ ಬೆಳೆದು ಒಂದೂ ದಪ್ಪವಾಗುತ್ತಿರಲಿಲ್ಲ. ಒಂದು ಬಿಟ್ಟು ಒಂದು ಕಡಿದರೆ ಉಳಿದವು ಬದುಕುತ್ತವೆ. ಕಡಿದದ್ದು ನಮ್ಮ ಸಮಿತಿಯ ಮರಗೆಲಸದ ಶೆಡ್ಡಿನಲ್ಲಿ ಬಾಗಿಲು, ಕಿಟಕಿಯಾಗುತ್ತದೆ. ಸಭೆಯಲ್ಲಿ ಎಲ್ಲರೂ ಕೈ ಎತ್ತಿದ್ದರು. ಹಿಂದಿನ ದಿನ ನಾನೇ ಸುಣ್ಣದ ಗುರುತು ಹಾಕಿದ್ದೆ. ಬೆಳಿಗ್ಗೆ ನೋಡಿದರೆ ಗುರುತಿದ್ದ ಮರಗಳಿಗೆಲ್ಲ ಅರಿಶಿನ, ಕುಂಕುಮ. ಕುಂಕುಮ ಇಟ್ಟ ಮರಕ್ಕೆ ನಮ್ಮ ಕಡೆ ಯಾರೂ ಗರಗಸ ಹಚ್ಚುವುದಿಲ್ಲ. ಮರ ಕೊಯ್ಯಲು ಬಂದಿದ್ದ, ಶೆಡ್ಡು ನೋಡಿಕೊಳ್ಳುವ ಪುನೀತ್ ಬಂಡೆಯ ಮೇಲೆ ಕೂತುಬಿಟ್ಟ.

"ತೊಳ್ಯೋಗಂಟ ನಾನ್ ಮುಟ್ಟಕಿಲ್ಲ ಕಣತ್ತೆ."

ಪಕ್ಕದ ಮನೆಯ ಚಿಕ್ಕಬೋರಮ್ಮ ಮೂರು ತಿಂಗಳಿಗೇ ಹೋದ ತನ್ನ ಕೂಸಿನ ಹೆಸರಿನ ಮರಕ್ಕೆ ಒರಗಿ ನಿಂತಿದ್ದಳು.

"ಇದೊಂದ್ ಬುಟ್ಬುಡು ಕಣಕ್ಕ."

"ಒಬ್ಬರ್ದು ಬುಟ್ರೆ ಎಲ್ಲಾರ್ದೂ ಬುಡಬೇಕು. ಸರ್ಕೊ ಅತ್ಲಾಗೆ," ಎಂದು ಗದರಿ ತೊಳೆದೆ. ಅವಳು ನನ್ನ ಮುಖವನ್ನೇ ನೋಡಿದಳು, ಬೈಯಲಿಲ್ಲ. ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು. ಕೊಡ ಇಸಿದುಕೊಂಡು ನನ್ನ ಹಿಂದೆಯೇ ನೀರು ಹೊತ್ತಳು.

ಮಧ್ಯಾಹ್ನ ಕೊನೆಯ ಸಾಲು. ಅಲ್ಲಿ ನನ್ನ ಗಂಡ ಮಹದೇವು ಹೆಸರಿನ ಮರ. ಅದಕ್ಕೂ ಸುಣ್ಣದ ಗುರುತು, ಅದಕ್ಕೂ ಕುಂಕುಮ. ಇಟ್ಟವಳು ನಾನೇ. ಕೋಳಿ ಕೂಗುವ ಹೊತ್ತಿಗೆ, ಯಾರೂ ನೋಡಲಿಲ್ಲ ಅಂದುಕೊಂಡು. ಅವರು ಹೋದ ಮೇಲೆ ನಾನು ಕುಂಕುಮದ ಭರಣಿ ಮುಟ್ಟಿದ್ದು ಅದೇ ಮೊದಲು. ಎಲ್ಲರ ಮರ ತೊಳೆದ ಕೈ ಈಗ ಮೇಲೇಳಲಿಲ್ಲ. ನಾಚಿಕೆಯಿಂದ ಅಲ್ಲೇ ಕುಸಿದು ಕೂತೆ.

"ನೀನ್ ಇಕ್ಕಿದ್ ನೋಡೇ ನಾವೂ ಇಕ್ಕಿದ್ದು," ಅಂದಳು ಚಿಕ್ಕಬೋರಮ್ಮ. ದನಿಯಲ್ಲಿ ಕೋಪವಿರಲಿಲ್ಲ. "ಏಳ್ಬ್ಯಾಡ ಕೂತ್ಕೊ. ನಿನ್ ಕೈಲಾಗಕಿಲ್ಲ."

ಸೆರಗು ಒದ್ದೆ ಮಾಡಿಕೊಂಡು, ಮಗುವಿನ ಮುಖ ಒರೆಸುವ ಹಾಗೆ ಮೆಲ್ಲಗೆ ಒರೆಸಿದಳು. ಆಮೇಲೆ ಪುನೀತನನ್ನು ಕೂಗಿ ಕರೆದವಳೂ ಅವಳೇ.