ಅಸ್ಥಿ ಕೇಳಿದ ತಂಗಿ

ರೂಪಾಳ ಮೈಯಲ್ಲಿ ರಕ್ತ ಹುಟ್ಟುವುದೇ ನಿಂತಿತ್ತು. ಸಂಭಾಜಿನಗರದ ಆಸ್ಪತ್ರೆಯಿಂದ ಅವಳು ನಾಶಿಕದ ಅಂಬಡ್‌ನಲ್ಲಿದ್ದ ಅಣ್ಣ ಸಂಗಮನಾಥನಿಗೆ ಫೋನ್ ಮಾಡಿದಳು.

"ಅಣ್ಣಾ, ನಾ ಬದುಕಬೇಕಂದ್ರ ನಿನ್ನ ಅಸ್ಥಿಯೊಳಗಿಂದ ಸ್ವಲ್ಪ ಬೇಕಂತ."

"ಆಸ್ತಿ ಏನು? ಲಗ್ನದಾಗ ಕೊಟ್ಟದ್ದು ಸಾಲಲಿಲ್ಲೇನು? ಭಾಲ್ಕ್ಯಾಗಿನ ಅಪ್ಪನ ಹೊಲದಾಗ ಒಂದು ಗುಂಟೆನೂ ಕೊಡಾಂಗಿಲ್ಲ!" ಎಂದು ಸಂಗಮನಾಥ ಹರಿಹಾಯ್ದ.



"ಹೊಲ ಅಲ್ಲೋ ಅಣ್ಣಾ, ಎಲುಬು. ನಿನ್ನ ಎಲುಬಿನ ಮಜ್ಜೆ ಹೊಂದಿದ್ರ ನನಗ ಹಾಕ್ತಾರಂತ. ಮರಾಠಿ ಡಾಕ್ಟರು ಅಂದಂಗೇ ಅಂದುಬಿಟ್ಟೆ, ನಂದೇ ತಪ್ಪು."

ತಪ್ಪು ತನ್ನದೆಂದು ಅವಳೇ ಅಂದಾಗ ಸಂಗಮನಾಥನ ಸಿಟ್ಟು ಇಳಿಯಿತು. "ನಾಳೇನೇ ಬರ್ತೀನವ್ವ," ಎಂದ.

"ವೈನೀನ ಒಂದು ಮಾತು ಕೇಳ್ಕೊಂಡು ಬಾ," ಎಂದು ರೂಪಾ ಹೊರಗಿನವರನ್ನು ಬೇಡುವ ಹಾಗೆ ಮೆಲ್ಲಗೆ ಅಂದಳು.

ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ ಆ ವೈನಿಯ, ತನ್ನ ಹೆಂಡತಿಯ ಮುಖ ನೋಡಲು ಸಂಗಮನಾಥನಿಗೆ ಆಗಲಿಲ್ಲ.